ಮಗಳ ಸಹಿ ಬೇಕಾಗಿದೆ

ಹದಿನಾರು ವರ್ಷ ಮಗಳ ಪರವಾಗಿ ಸಹಿ ಹಾಕಿ ಹಾಕಿ ನನ್ನ ಕೈ ಬಿದ್ದುಹೋಗಿದೆ. ಮೃಗಾಲಯಕ್ಕೆ ಹೋಗಲು ಸಹಿ, ಈಜಲು ಸಹಿ, ಹಲ್ಲು ಕೀಳಿಸಲು ಸಹಿ. ಅಂಥ ನಾನು, ಮಿನೆಸೋಟದ ನಮ್ಮೂರ ರಸ್ತೆಗಳ ಹಿಮವನ್ನೆಲ್ಲ ಒಬ್ಬನೇ ಬಳಿದು ಎಸೆಯುವ ಲೈಲ್ ಎಂಬ ಮಹಾಶಯ, ಕಳೆದ ವಾರ ಅವಳ ಒಂದು ಸಹಿಗಾಗಿ ಕೈಕಟ್ಟಿ ನಿಂತೆ. ಕಾಲ ಕೆಟ್ಟಿತು ಸ್ವಾಮಿ!

ನಮ್ಮ ಬ್ರಿನ್ ಇನ್ನೂ ಹನ್ನೊಂದನೇ ತರಗತಿ. ಬೆಳಗ್ಗೆ ಹೈಸ್ಕೂಲು, ಮಧ್ಯಾಹ್ನ ಪಕ್ಕದೂರಿನ ಕಾಲೇಜು. ಈಗ ಪಾಸಾದ ವಿಷಯಕ್ಕೆ ಮುಂದೆ ಡಿಗ್ರಿಯಲ್ಲಿ ಕ್ರೆಡಿಟ್ ಸಿಗುತ್ತದೆ, ಅದೂ ಪುಕ್ಕಟೆ. ಫೇಲಾದರೆ? ಆ ಫೇಲೂ ಅಷ್ಟೇ ನಿಷ್ಠೆಯಿಂದ ಜನ್ಮವಿಡೀ ಅಂಕಪಟ್ಟಿಯಲ್ಲಿ ಕೂತಿರುತ್ತದೆ. ಶುಕ್ರವಾರದೊಳಗೆ ಆ ವಿಷಯ ಕೈಬಿಟ್ಟರೆ ಮಾತ್ರ ಬಚಾವು. ಹೀಗಿರುವಾಗ ಅವಳು ಪ್ರಬಂಧದ ಕ್ಲಾಸಿನ ಹಾಳೆಗಳನ್ನು ನನ್ನ ಕಂಡೊಡನೆ ದಿಂಬಿನಡಿ ತುರುಕತೊಡಗಿದಳು. ಫೇಲೇ ಸರಿ ಅಂದುಕೊಂಡೆ. ಕಾಲೇಜಿಗೆ ಫೋನ್ ಮಾಡಿದೆ.

"ವಿದ್ಯಾರ್ಥಿ ಒಪ್ಪಿಗೆ ಇಲ್ದೆ ಏನೂ ಹೇಳೋ ಹಾಗಿಲ್ಲ ಸಾರ್. ಕಾನೂನು."

"ಅಯ್ಯೋ ತಾಯಿ, ನಾನು ಅವಳಪ್ಪ!"

"ಅವರ ಸಹಿ ತನ್ನಿ ಸಾರ್."

ಅವರ! ಮೊನ್ನೆಮೊನ್ನೆವರೆಗೆ ಶೂ ಲೇಸು ಕಟ್ಟಲು ಬಾರದವಳು 'ಅವರು' ಆಗಿಬಿಟ್ಟಿದ್ದಳು.

"ಜನವರೀಲಿ ಮಾಡಿದ್ದು ಸಾಲ್ದಾ ಮಾರಾಯಾ?" ಎಂದಳು ನನ್ನ ಹೆಂಡತಿ ಜೋಲೀನ್. (ಜನವರಿಯಲ್ಲಿ ಬ್ರಿನ್ ಬೂಟು ಮರೆತು ಹೋಗಿದ್ದಳು. ನಾನು ಹಿಮ ಬಳಿಯುವ ಲಾರಿಯನ್ನೇ ಕಾಲೇಜಿನ ಬಾಗಿಲಿಗೆ ತಂದು, ಪಾಠದ ನಡುವೆ ನುಗ್ಗಿ ಕೊಟ್ಟುಬಂದೆ. ತಪ್ಪೇನು?)

ಗುರುವಾರ ಬ್ರಿನ್ ಕಾಲೇಜಿನ ಒಪ್ಪಿಗೆ ಫಾರಂಗೆ ಸಹಿ ಹಾಕಿದಳು. ಕೆಳಗೆ ಷರತ್ತು ಬರೆದಳು: 'ಒಂದೇ ಸಲ. ಜೊತೆಗೆ ನಾನಿರಬೇಕು. ಅಪ್ಪ ಒಳಗೆ ಒಂದಕ್ಷರ ಮಾತಾಡಕೂಡದು.'

"ಇದೇನೇ, ನಾನೇನು ಕೈದಿನಾ?"

"ಸ್ಕೂಲ್ ಟ್ರಿಪ್ಪಿಗೆ ನೀನು ಏನ್ ಬರೀತಿದ್ದೆ ಹೇಳು? ಕಿಟಕಿ ಪಕ್ಕ ಕೂರ್ಬಾರ್ದು, ನೀರಿನ ಹತ್ರ ಹೋಗ್ಬಾರ್ದು, ಟೋಪಿ ತೆಗೀಬಾರ್ದು..."

ನಾನು ಬಾಯಿಗೆ ಬೀಗ ಹಾಕಿಕೊಂಡು ಅವಳ ಹಿಂದೆ ಕಾಲೇಜಿಗೆ ಹೋದೆ. ಅಪ್ಪ ಈ ವಿಷಯ ಬಿಡಿಸಲು ಬಂದಿದ್ದಾನೆಂದು ಅವಳೇ ಹೇಳಿದಳು.

"ಬಿಡೋದಾ?" ಪ್ರಬಂಧದ ಮೇಡಂ ಓಕರ್‌ಲಂಡ್ ಬೆರಗಾದರು. "ಕ್ಲಾಸಿಗೇ ಇವಳು ಮೊದಲು! ಇವಳು ಬರೆದಿದ್ದು ಕಾಲೇಜು ಪತ್ರಿಕೇಲಿ ಬರ್ತಿದೆ. ಆದ್ರೆ ಅದರಲ್ಲಿರೋ ವ್ಯಕ್ತಿ ಸಹಿ ಬೇಕಿತ್ತು. ನೀವೇ ಅಲ್ವಾ, ಬೂಟಿನ ಅಪ್ಪ?"

ಹಾಳೆ ನೋಡಿದೆ. 'ಲಾರಿಯಲ್ಲಿ ಬಂದ ಬೂಟು.' ನನ್ನ ಕಿತ್ತಳೆ ಕೋಟು, ಮೀಸೆಯಲ್ಲಿ ಗಟ್ಟಿಯಾದ ಸಿಂಬಳ, ಮೂವತ್ತು ಜನರೆದುರು ನಾನು "ಚಿನ್ನೂ, ಎರಡು ಜೊತೆ ಕಾಲುಚೀಲ ಹಾಕ್ಕೋ!" ಎಂದು ಕೂಗಿದ್ದು, ಎಲ್ಲ ಸಾಂಗವಾಗಿ ಇತ್ತು. ಮೀಸೆಯ ಸಾಲಿಗೆ ಆಕ್ಷೇಪ ನಾಲಿಗೆ ತುದಿಗೆ ಬಂತು. ಬ್ರಿನ್ ಷರತ್ತಿನ ಕಾಗದವನ್ನು ಮೆಲ್ಲಗೆ ಎತ್ತಿ ತೋರಿಸಿದಳು.

ಕೊನೆಯ ಸಾಲಿಗೆ ಬಂದೆ. 'ಅವತ್ತು ಭೂಮಿ ಬಾಯ್ಬಿಡಬಾರದೇ ಅನ್ನಿಸಿತ್ತು. ಆದರೆ ಸಂಜೆ ಬಸ್‌ಸ್ಟಾಪಿನಲ್ಲಿ ಕಾಲು ಬೆಚ್ಚಗಿಟ್ಟುಕೊಂಡು ನಿಂತಿದ್ದವಳು ನಾನೊಬ್ಬಳೇ.'

ಪೆನ್ನಿಗೆ ಕೈಚಾಚಿದೆ. ಹೇಗೂ ಮಾತಾಡುವಂತಿರಲಿಲ್ಲ. ಸಹಿ ಹಾಕಿದೆ.

ಮನೆಯಲ್ಲಿ ಜೋಲೀನ್ ಎಲ್ಲ ಕೇಳಿದಳು. ಅಂಕದ ಬಗ್ಗೆ ಒಂದು ಮಾತೂ ಎತ್ತಲಿಲ್ಲ.

"ಅರ್ಧ ಗಂಟೆ? ಇವನು ಅರ್ಧ ಗಂಟೆ ಬಾಯಿ ಮುಚ್ಕೊಂಡಿದ್ನಾ?" ಎಂದವಳೇ ಮಗಳತ್ತ ತಿರುಗಿದಳು. "ಬ್ರಿನ್, ಬಂಗಾರ, ಆ ಫಾರಂ ನಂಗೂ ಒಂದು ತಂದ್ಕೊಡೇ."