ಒಂದು ತಾರೀಕಿಗೆ ಎರಡು ಮದುವೆ

ಕೆ.ಆರ್. ಪೇಟೆಯ ಕಲ್ಯಾಣ ಮಂಟಪವೊಂದರ ಆಫೀಸಿನಲ್ಲಿ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಲಾಯಿತು. ತೊಂಬತ್ತರ ದಶಕದ ಕೊನೆಯಲ್ಲಿ ನಡೆದ ಈ ಘಟನೆಗೆ ಮಾಲೀಕರು, ಮ್ಯಾನೇಜರು ಮತ್ತು ಅಡುಗೆಯವರು ಸಾಕ್ಷಿಯಾಗಿ ನಿಂತಿದ್ದರು. ಇನ್ನು ಮೇಲೆ ಬುಕಿಂಗ್ ಎಲ್ಲ ಕಂಪ್ಯೂಟರಿನಲ್ಲಿ ಎಂದು ಮಾಲೀಕರು ಪ್ರಕಟಿಸಿದರು. ಪಾಂಡವಪುರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ನಾನು ಅದಕ್ಕೆ ಪ್ರೋಗ್ರಾಮು ಬರೆದುಕೊಟ್ಟಿದ್ದೆ. ಈ ಕಸುಬಿನಲ್ಲಿ ಕೆಳಗೆ ಹೇಳುವಂಥವು ಆಗುತ್ತಲೇ ಇರುತ್ತವೆ. ಮೊದಮೊದಲು ಆಶ್ಚರ್ಯವಾಗುತ್ತದೆ. ಆಮೇಲೆ ವಾಪಸು ಹೋಗುವ ಬಸ್ಸಿನ ಟೈಮು ಮಾತ್ರ ಕೇಳುತ್ತೇವೆ.

ಕಾಣೆಯಾದ ಧಾರೆ

ಪ್ರೋಗ್ರಾಮು ನಿಘಂಟಿನ ಹಾಗಿತ್ತು. ಪದದ ಜಾಗದಲ್ಲಿ ತಾರೀಕು, ನಮ್ಮ ಭಾಷೆಯಲ್ಲಿ ಅದೇ ಕೀಲಿ; ಅದರ ಎದುರಿಗೆ ಅರ್ಥದ ಬದಲು ಮದುವೆ. ಒಂದು ಕೀಲಿಗೆ ಒಂದೇ ಮದುವೆ. ಇನ್ನೊಂದನ್ನು ಬರೆದರೆ ಹಳೆಯದು ಸದ್ದಿಲ್ಲದೆ ಅಳಿಸಿಹೋಗುತ್ತದೆ.

ನಮ್ಮ ಕಡೆ ಮದುವೆ ಎಂದರೆ ಹಿಂದಿನ ಸಂಜೆ ವರಪೂಜೆ, ಮರುದಿನ ಬೆಳಿಗ್ಗೆ ಧಾರೆ. ಬೆಳಗಿನವರು ಉಂಡು ಹೊರಡುವಾಗ ಸಂಜೆಯವರ ಬಸ್ಸು ಬಾಗಿಲಲ್ಲಿ ನಿಂತಿರುತ್ತದೆ. ಇದನ್ನು ನನಗೆ ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿದ್ದ ವಿಷಯವಾದ್ದರಿಂದ. ಮ್ಯಾನೇಜರು ಒಂದು ಭಾನುವಾರದ ಸಂಜೆಯವರನ್ನು ಬರೆದುಕೊಂಡರು. ಅದೇ ಭಾನುವಾರ ಬೆಳಿಗ್ಗೆ ಧಾರೆಯಿದ್ದ ಪಾಂಡವಪುರದವರು ಮಾಯವಾದರು. ಅವರ ಶನಿವಾರದ ವರಪೂಜೆ ಮಾತ್ರ ಹಾಗೇ ಉಳಿಯಿತು.

ಪಾತ್ರೆ ವಿಚಾರಿಸಲು ಬಂದ ಹೆಣ್ಣಿನ ತಂದೆಗೆ ಮ್ಯಾನೇಜರು ಪರದೆ ತೋರಿಸಿ, ನಿಮ್ಮದು ಶನಿವಾರಕ್ಕೇ ಮುಗಿಯುತ್ತದೆ ಎಂದರು. ಆತ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದ.

"ಅಂಗಾರೆ ವರಪೂಜೆ ಮಾಡಿ, ಊಟ ಇಕ್ಕಿ, ಹುಡುಗನ್ನ ವಾಪಸ್ ಕಳ್ಸುಬುಡ್ಲಾ?"

ಯಾರ ಮನೆ ಊಟ

ಒಂದೇ ಕೀಲಿ ಎಷ್ಟು ಸಲ ಬಂದರೂ ಎಲ್ಲವನ್ನೂ ಇಟ್ಟುಕೊಳ್ಳುವ ಹಾಗೆ ತಿದ್ದಿಕೊಟ್ಟೆ. ಈಗ ಒಂದು ದಿನಕ್ಕೆ ಎಷ್ಟು ಮದುವೆ ಬೇಕಾದರೂ ಹಿಡಿಯುತ್ತದೆ ಎಂದೆ. ಮ್ಯಾನೇಜರಿಗೆ ಸಂತೋಷವಾಯಿತು. ಆ ಸಂತೋಷ ನೋಡಿ ನನಗೆ ಸ್ವಲ್ಪ ಗಾಬರಿಯಾಯಿತು.

ಇಟ್ಟುಕೊಳ್ಳುವುದು ಒಂದು, ತೋರಿಸುವುದು ಇನ್ನೊಂದು. ತಾರೀಕು ಕೊಟ್ಟು ಕೇಳಿದರೆ ಅದು ಮೊದಲು ಬುಕ್ ಮಾಡಿದವರನ್ನು ತೋರಿಸಿ ಸುಮ್ಮನಾಗುತ್ತಿತ್ತು. ಮುಂದಿನದನ್ನು ನೋಡಲು ಇನ್ನೊಂದು ಗುಂಡಿ ಒತ್ತಬೇಕು. ಮ್ಯಾನೇಜರು ಒತ್ತಲಿಲ್ಲ. ಕೇಳಿದ್ದಕ್ಕೆ ಉತ್ತರ ಬಂದ ಮೇಲೆ ಮತ್ತೆ ಕೇಳುವುದು ಮರ್ಯಾದೆಯಲ್ಲ ಎನ್ನುವುದು ಅವರ ಅಭಿಪ್ರಾಯ. ಒಂದು ಭಾನುವಾರ ಸಂಜೆಯ ಪಾರ್ಟಿಯೇ ಮೊದಲು ಬುಕ್ ಮಾಡಿತ್ತು, ಪರದೆ ತೋರಿಸಿದ್ದು ಅವರ ಊಟದ ಪಟ್ಟಿಯನ್ನೇ. ಹೀಗಾಗಿ ಅಡುಗೆಯವರು ಅವರು ಬರೆಸಿದ್ದ ಬೋಂಡ, ಪೂರಿ, ಸಾಗುವನ್ನು ಬೆಳಗಿನ ಧಾರೆಯ ಊಟಕ್ಕೆ ಬಡಿಸಿದರು. ತಪ್ಪು ತಿಳಿದ ಮೇಲೆ ಸಂಜೆಯವರಿಗೆ ಉಳಿದದ್ದು ಬೆಳಗಿನವರ ಹೋಳಿಗೆ.

ಗಂಡಿನ ಕಡೆಯ ಹಿರಿಯರೊಬ್ಬರು ಕೈ ತೊಳೆಯುತ್ತಾ ಹೇಳಿದರು: "ಊಟ ಚೆಂದಾಗಿತ್ತು ಕಣಪ್ಪ. ಯಾರ ಮನೇದು?"

ಮುರಿದುಬಿದ್ದ ಸಂಬಂಧ

ಮುಂದಿನ ತಿಂಗಳು ಒಂದು ಸಂಬಂಧ ಮುರಿದುಬಿತ್ತು. ಅವರ ಧಾರೆ ಭಾನುವಾರ ಬೆಳಿಗ್ಗೆ ಇತ್ತು. ಮ್ಯಾನೇಜರು ಭಾನುವಾರವನ್ನು ಅಳಿಸಿದರು. ಕೀಲಿ ಅಳಿಸಿದರೆ ಅದರ ಕೆಳಗಿರುವುದೆಲ್ಲ ಹೋಗುತ್ತದೆ. ಅಂದು ಸಂಜೆಗೆ ಬರಬೇಕಿದ್ದ ನಾಗಮಂಗಲದ ಮೇಷ್ಟ್ರ ಮಗಳ ವರಪೂಜೆಯೂ ಹೋಯಿತು. ಮೇಷ್ಟ್ರು ಅಷ್ಟರಲ್ಲಿ ಲಗ್ನಪತ್ರಿಕೆ ಹಂಚಿ ಮುಗಿಸಿದ್ದರು.

ಸಂಜೆ ಖಾಲಿ ಕಂಡಿತೆಂದು ಅದನ್ನು ಶ್ರೀರಂಗಪಟ್ಟಣದ ಬೆಲ್ಲದ ವ್ಯಾಪಾರಿಯ ಮಗಳಿಗೆ ಕೊಡಲಾಯಿತು. ಸೋಮವಾರದ ಧಾರೆ ಮೇಷ್ಟ್ರ ಹೆಸರಿನಲ್ಲೇ ಇತ್ತಲ್ಲ, ಅದನ್ನು ಯಾಕೆ ನೋಡಲಿಲ್ಲ ಎಂದು ಆಮೇಲೆ ಕೇಳಿದೆ.

"ಕಂಪ್ಯೂಟ್ರು ಬ್ಯಾಡ ಅನ್ನನಿಲ್ವಲ್ಲ ಸಾ," ಎಂದರು ಮ್ಯಾನೇಜರು. "ನಾನ್ಯಾರು ಬ್ಯಾಡ ಅನ್ನಕೆ?"

ಹಿಡಿಯುವಷ್ಟು ಜಾಗ

ಆ ಭಾನುವಾರ ಸಂಜೆ ಎರಡು ಹೆಣ್ಣಿನ ಮನೆಯವರೂ ಎರಡು ಗಂಡಿನ ಮನೆಯವರೂ ಒಂದೇ ಬಾಗಿಲಿಗೆ ಬಂದರು. ನನ್ನನ್ನು ಪಾಂಡವಪುರದಿಂದ ಸ್ಕೂಟರಿನಲ್ಲಿ ಕರೆಸಲಾಯಿತು. ಮ್ಯಾನೇಜರು ಬೇಸರದಿಂದ ಕೇಳಿದರು:

"ಒಂದ್ ದಿನಕ್ಕೆ ಎಷ್ಟ್ ಮದ್ವೆ ಬೇಕಾರೂ ಹಿಡೀತದೆ ಅಂದಿದ್ರಿ?"

"ಅದರೊಳಗೆ ಹಿಡಿಯುತ್ತದೆ. ಮಂಟಪದೊಳಗಲ್ಲ," ಎಂದೆ.

ಮೇಷ್ಟ್ರು ಆರತಿ ತಟ್ಟೆ ಹಿಡಿದುಕೊಂಡೇ ಗಂಡಿನವರ ಬಸ್ಸಿನ ಬಾಗಿಲಿಗೆ ಹೋದರು. ಅವರ ಬೀಗರು, ಹಂಚಿಕೊಂಡ ಮಂಟಪದಲ್ಲಿ ನನ್ನ ಮಗ ತಾಳಿ ಕಟ್ಟುವುದಿಲ್ಲ, ಬಸ್ಸು ತಿರುಗಿಸಿ ಎಂದುಬಿಟ್ಟಿದ್ದರು. ಇನ್ನೊಂದು ವಾರಕ್ಕೆ ಆಷಾಢ, ಅದಕ್ಕೆ ಮೊದಲು ಬೇರೆ ಮುಹೂರ್ತವಿರಲಿಲ್ಲ. ಒಮ್ಮೆ ತಿರುಗಿದ ಬಸ್ಸು ಶ್ರಾವಣದಲ್ಲಿ ಮತ್ತೆ ಬರುತ್ತದೆಂದು ಮೇಷ್ಟ್ರಿಗೆ ನಂಬಿಕೆಯಿರಲಿಲ್ಲ. ಡ್ರೈವರು ಎಂಜಿನ್ನು ಶುರು ಮಾಡಿದ.

ಆಗ ವ್ಯಾಪಾರಿಯ ಕಡೆಯ ಬಸ್ಸಿನಿಂದ ರೇಷ್ಮೆ ಪಂಚೆ ಉಟ್ಟ ಒಬ್ಬರು ಉಡುಗೊರೆಗೆ ತಂದ ಕೊಳದಪ್ಪಲೆಯೆಂಬ ದೊಡ್ಡ ಪಾತ್ರೆ ಹೊತ್ತು ಇಳಿದರು. ಬೀಗರು ಅವರನ್ನೇ ನೋಡುತ್ತಾ ನಿಂತರು. ಅದು ಅವರ ಸ್ವಂತ ತಮ್ಮ.

"ಲೇ, ನೀನ್ಯಾಕ್ಲಾ ಅವರ ಬಸ್ಸಲ್ಲಿದ್ದೀಯೆ?"

"ನೀನೇ ಅಲ್ವೇನಣ್ಣ ಕಳ್ಸಿದ್ದು? ಒಂದೇ ದಿನ ಎರಡು ಮದ್ವೆ ಬಂದವೆ, ನೀನು ಅವರದ್ದಕ್ಕೆ ಹೋಗಿ ಮುಖ ತೋರ್ಸು, ಇಲ್ದಿದ್ರೆ ಬೇಜಾರು ಮಾಡ್ಕತ್ತಾರೆ ಅಂತ."

ಅಂಗಳದಲ್ಲಿ ವಿಚಾರಣೆ ನಡೆಯಿತು. ಅರ್ಧ ಜನಕ್ಕೆ ಎರಡೂ ಪತ್ರಿಕೆ ಬಂದಿದ್ದವು. ತಾರೀಕು ನೋಡಿದವರು ಯಾರೂ ಮಂಟಪದ ಹೆಸರು ನೋಡಿರಲಿಲ್ಲ. ಯಾವುದಕ್ಕೆ ಹೋಗುವುದೆಂದು ಮನೆಮನೆಯಲ್ಲೂ ಜಗಳವಾಗಿತ್ತು. ಕೆಲವರು ಎರಡೂ ಕಡೆ ಮುಖ ತೋರಿಸಲು ಬಸ್ಸಿನ ಲೆಕ್ಕ ಹಾಕಿಕೊಂಡೇ ಹೊರಟಿದ್ದರು. ಇಂಥ ಅನುಕೂಲವನ್ನು ಯಾರು ಮಾಡಿಕೊಟ್ಟರು ಎಂದು ಒಬ್ಬ ಅಜ್ಜಿ ಕೇಳಿದರು. ಮ್ಯಾನೇಜರು ನನ್ನನ್ನು ತೋರಿಸಿದರು. ಆಕೆ ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು.

ಬೀಗರ ತಮ್ಮ ಕೊಳದಪ್ಪಲೆಯನ್ನು ಕೆಳಗಿಳಿಸಿ, "ಹತ್ತು ಅಣ್ಣ ಬಸ್ಸು, ನಾನೂ ಬತ್ತೀನಿ. ಇಬ್ರೂ ಹೊಂಟೋದ್ರೆ ನಾಳೆ ಈ ಬೆಲ್ಲದೋರ ಮನೆಗೆ ಯಾವ ಮುಖ ತೋರ್ಸೀಯೆ?" ಎಂದರು. ಬೀಗರು ದಪ್ಪಲೆಯನ್ನೊಮ್ಮೆ ನೋಡಿದರು. ಆಮೇಲೆ ಡ್ರೈವರಿಗೆ ಎಂಜಿನ್ನು ಆರಿಸಲು ಹೇಳಿದರು.

ಮರುದಿನ ಮೇಷ್ಟ್ರ ಮಗಳ ಧಾರೆ ಮೊದಲು, ವ್ಯಾಪಾರಿಯ ಮಗಳದ್ದು ಆಮೇಲೆ, ಒಂದೇ ಹಸೆಯ ಮೇಲೆ ನಡೆಯಿತು.