ಜೀಪು ಹತ್ತಿದ ಅಡುಗೆಮನೆ

ನಮ್ಮ ಯಜಮಾನರು ಕಾಫಿ ಎಸ್ಟೇಟಿನಲ್ಲಿ ರೈಟರ್. ಘಟ್ಟದ ಕೆಳಗಿರುವ ನನ್ನ ಚಿಕ್ಕಮ್ಮ ಈಗಲೂ "ಅಳಿಯಂದ್ರು ಈಗ ಯಾವ ಕತೆ ಬರೀತಿದ್ದಾರೆ?" ಅಂತ ಕೇಳುತ್ತಾರೆ. ಬರೆಯುವುದು ಆಳುಗಳ ಹಾಜರಿ, ಗೊಬ್ಬರದ ಚೀಲ, ಕೊಯ್ಲಿನ ತೂಕ. ಎಸ್ಟೇಟ್ ಬದಲಾದರೆ ಕ್ವಾರ್ಟರ್ಸೂ ಬದಲಾಗುತ್ತದೆ. ಹೀಗೆ ದೇವರಮನೆ ಗುಡ್ಡದ ಕಡೆಯಿಂದ ಬಾಳೂರಿಗೆ, ಬಾಳೂರಿನಿಂದ ಕಳಸದ ಕಡೆಗೆ, ಅಲ್ಲಿಂದ ಮತ್ತೆ ಮೂಡಿಗೆರೆ ಹತ್ತಿರಕ್ಕೆ ಬಂದಿದ್ದೇವೆ. ಉಳಿದ ಕೋಣೆಗಳನ್ನು ಖಾಲಿ ಮಾಡುವುದು ಒಂದು ಬೆಳಗಿನ ಕೆಲಸ. ಹಾಸಿಗೆ ಸುತ್ತಿ, ಬಟ್ಟೆ ಗಂಟು ಕಟ್ಟಿದರೆ ಮುಗಿಯಿತು. ಅಡುಗೆಮನೆ ಹಾಗಲ್ಲ. ಈ ಸಲ ಏನೂ ಎಡವಟ್ಟು ಆಗಬಾರದು ಅಂದುಕೊಂಡೇ ಪ್ರತಿ ಸಲ ಶುರುಮಾಡುತ್ತೇನೆ. ಆಗುತ್ತದೆ.

ಹೊಲಿದ ಚೀಲ

ಮದುವೆಯಾದ ಮೇಲೆ ಮೊದಲ ಸಲ ಮನೆ ಬದಲಾಯಿಸಿದ್ದು ಬಾಳೂರಿಗೆ. ಪಾತ್ರೆಪಗಡಕ್ಕೆ ಪೇಟೆಯಿಂದ ರಟ್ಟಿನ ಪೆಟ್ಟಿಗೆ ತನ್ನಿ ಅಂದೆ. "ರಟ್ಟು ಯಾಕೆ? ಗೋಣಿಚೀಲ ರಾಶಿ ಬಿದ್ದಿದೆ" ಅಂದರು ಇವರು. ತಾವೇ ಕೂತು ಎಲ್ಲವನ್ನೂ ಚೀಲಕ್ಕೆ ತುಂಬಿದರು. ಆಮೇಲೆ ದಬ್ಬಣ ತಗೊಂಡು ಕಾಫಿ ಮೂಟೆ ಹೊಲಿದ ಹಾಗೆ ಬಾಯಿ ಹೊಲಿದರು. "ನೋಡು, ಒಂದು ಸಾಸಿವೆ ಕಾಳೂ ಉದುರೋದಿಲ್ಲ."

ನಿಜ, ಉದುರಲಿಲ್ಲ. ಹೊಸ ಕ್ವಾರ್ಟರ್ಸಿಗೆ ಬಂದು ಒಂದು ಲೋಟ ಕಾಫಿಯಾದರೂ ಮಾಡೋಣ ಅಂದಾಗ ಇವರು ಕೈ ಚಾಚಿದರು.

"ಚಾಕು ಕೊಡು, ಚೀಲ ಬಿಚ್ತೇನೆ."

"ಚಾಕು ಚೀಲದಲ್ಲಿದೆ."

"ಕತ್ತಿ?"

"ಅದೂ ಚೀಲದಲ್ಲೇ. ಚೂಪಿನ ಸಾಮಾನು ಅಂತ ಎರಡು ಸಲ ಹೊಲಿದವರು ನೀವೇ."

ಇವರು ಜಗಲಿಯಲ್ಲಿ ಕೂತು ಹಲ್ಲಿನಿಂದ ಹುರಿ ಕಚ್ಚತೊಡಗಿದರು. ಹುರಿ ಹರಿಯಲಿಲ್ಲ, ಸಿಟ್ಟು ಏರಿತು. ನಾನು ಪಕ್ಕದ ಮನೆಗೆ ಓಡಿದೆ. ಅಲ್ಲಿದ್ದದ್ದು ಎಸ್ಟೇಟ್ ಡ್ರೈವರ್ ಹೆಂಡತಿ. ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು. ಏದುಸಿರು ಬಿಡುತ್ತಾ "ನಾನು ಹೊಸ ರೈಟರ್ ಹೆಂಡತಿ. ಬೇಗ ಒಂದು ಚಾಕು ಕೊಡ್ತೀರಾ?" ಅಂದೆ.

ಅವರು ನನ್ನನ್ನು ನೋಡಿದರು. ನನ್ನ ಬೆನ್ನ ಹಿಂದೆ ಜಗಲಿಯಲ್ಲಿ ಹಲ್ಲು ಕಡಿಯುತ್ತಾ ಬೈಯುತ್ತಿದ್ದ ಗಂಡಸನ್ನೂ ನೋಡಿದರು. ನಿಧಾನಕ್ಕೆ ನನ್ನ ಕೈ ಹಿಡಿದುಕೊಂಡರು.

"ಚಾಕು ಎಲ್ಲ ಬೇಡ ಅಕ್ಕಾ. ಒಳಗೆ ಬನ್ನಿ, ನೀರು ಕುಡೀರಿ. ಎಲ್ಲರ ಮನೇಲೂ ಇದ್ದದ್ದೇ."

ಸ್ಯಾಂಪಲ್

ಇದರಿಂದ ಇವರು ಪಾಠ ಕಲಿತರು ಅಂದುಕೊಂಡಿರಾ? ಕಲಿತರು. ಕಳಸದ ಕಡೆ ಹೊರಡುವಾಗ ಚಾಕು ಜೇಬಿನಲ್ಲಿತ್ತು. ಚೀಲ ಮಾತ್ರ ಅದೇ ಗೋಣಿ, ಅದೇ ಹೊಲಿಗೆ, ಮೇಲೆ ಎಸ್ಟೇಟಿನ ಮುದ್ರೆ ಬೇರೆ.

ಅವತ್ತು ಬಾಳೂರಿನ ಎಸ್ಟೇಟಿನಿಂದ ಪಿಕಪ್ಪಿನಲ್ಲಿ ಹಣ್ಣು ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಕಳಸದ ವ್ಯಾಪಾರಿಯ ಮಂಡಿಗೆ ಹೊರಟಿತ್ತು. "ಹೇಗೂ ಗಾಡಿ ಹೋಗ್ತದಲ್ಲ, ನಿಮ್ಮ ಸಾಮಾನೂ ಹಾಕಿ" ಅಂದರು ಎಸ್ಟೇಟಿನ ಧಣಿಗಳು. ದೊಡ್ಡ ಮನಸ್ಸು. ಕಾಫಿ ಮೂಟೆಯ ಪಕ್ಕದಲ್ಲೇ ನಮ್ಮ ಅಡುಗೆಮನೆ ಕೂತಿತು. ಇವರು ಮನೆ ಕೀಲಿ ತರಲು ಮುಂದೆ ಹೋಗಿದ್ದರು, ನಾನೂ ಅತ್ತೆಯೂ ಹಿಂದಿನಿಂದ ಬಸ್ಸಿನಲ್ಲಿ ಬಂದೆವು.

ಬಸ್ಸಿಳಿದು ಮಂಡಿಗೆ ಹೋಗುವಷ್ಟರಲ್ಲಿ ಹಮಾಲರು ಗಾಡಿ ಪೂರ್ತಿ ಇಳಿಸಿಬಿಟ್ಟಿದ್ದರು. ಡ್ರೈವರ್ ಊಟಕ್ಕೆ ಹೋಗಿದ್ದ. ವ್ಯಾಪಾರಿ ಸಾಹುಕಾರರು ಮೂಟೆಗೆ ಚುಚ್ಚಿ ಬೀಜ ತೆಗೆದು ನೋಡುವ ಆ ಚೂಪು ಕೊಳವೆ ಹಿಡಿದು ಸಾಲಾಗಿ ಬರುತ್ತಿದ್ದರು. ಒಂದು ಚೀಲಕ್ಕೆ ಚುಚ್ಚಿದರು, ಅಂಗೈಗೆ ಕಾಫಿ ಬಂತು. ಇನ್ನೊಂದಕ್ಕೆ ಚುಚ್ಚಿದರು, ಅಂಗೈ ತುಂಬ ಸಾಸಿವೆ. ಮೂಸಿ ನೋಡಿದರು. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಅಲ್ಲೇ ನಿಂತು ನಮ್ಮ ಧಣಿಗಳಿಗೆ ಫೋನ್ ಹಚ್ಚಿದರು.

"ನಮಸ್ಕಾರ. ಕಾಫಿ ಬಂತು. ಚೆನ್ನಾಗಿ ಒಣಗಿದೆ. ಆದರೆ ಈ ಸಲ ಒಗ್ಗರಣೆ ಯಾಕೆ ಹಾಕಿದ್ರಿ?"

ಅತ್ತೆ ಕೊಡೆ ಎತ್ತಿಕೊಂಡೇ ಓಡಿದರು. "ನಿಲ್ಲಿಸಿ! ಆ ಮೂಲೆ ಚೀಲದಲ್ಲಿ ಹಲಸಿನ ಹಪ್ಪಳ ಇದೆ, ಅದಕ್ಕೆ ಚುಚ್ಚಬೇಡಿ!"

ಸಾಹುಕಾರರು ಕೊಳವೆ ಬಗ್ಗಿಸಿ ಅಂಗೈಗೆ ತಟ್ಟಿದರು. ಹಪ್ಪಳದ ಪುಡಿ ಬಿತ್ತು. ಒಂದು ಚೂರು ಬಾಯಿಗೆ ಹಾಕಿಕೊಂಡು ಹೇಳಿದರು: "ಎ ಗ್ರೇಡ್ ಅಮ್ಮಾ."

ರುಬ್ಬುವ ಕಲ್ಲು

ಅತ್ತೆಯ ರುಬ್ಬುವ ಕಲ್ಲಿನ ವಿಷಯ ಚಿಕ್ಕದು, ಕಲ್ಲು ಮಾತ್ರ ದೊಡ್ಡದು. "ಮಿಕ್ಸಿ ಇದೆಯಲ್ಲ ಅತ್ತೆ, ಇದನ್ನ ಇಲ್ಲೇ ಬಿಡೋಣ" ಅಂದೆ. "ಕಲ್ಲಲ್ಲಿ ರುಬ್ಬಿದ ಚಟ್ನಿ ರುಚಿ ನಿನ್ನ ಮಿಕ್ಸಿಗೆ ಎಲ್ಲಿಂದ ಬರಬೇಕು?" ಅಂದರು. ಮಾತು ಸರಿ. ಆದರೆ ಕಲ್ಲಲ್ಲಿ ರುಬ್ಬುವವಳು ನಾನು.

ನಾಲ್ಕು ಆಳು ಉಸಿರು ಕಟ್ಟಿ ಹೊತ್ತರು. ಒಬ್ಬನ ಸೊಂಟ ಹಿಡಿದು ಅರಿಶಿನ ಎಣ್ಣೆ ತಿಕ್ಕಿದ್ದಾಯಿತು. ಕಳಸದ ಕಡೆಯ ಆ ಕ್ವಾರ್ಟರ್ಸಿನ ಅಂಗಳದಲ್ಲಿ ಇಳಿಸುವಾಗ ಅಲ್ಲಿಯ ಮೇಸ್ತ್ರಿ ಬಂದು, ಎಲೆಯಡಿಕೆ ಜಗಿಯುತ್ತಾ ನೋಡಿದ.

"ಹಿತ್ತಲಿಗೆ ಹಾಕಿ ಅಮ್ಮಾ."

"ಯಾಕಪ್ಪಾ ಹಿತ್ತಲಿಗೆ?"

"ಬಾಕಿಯವೂ ಅಲ್ಲೇ ಇದಾವೆ."

ಹಿತ್ತಲಿಗೆ ಹೋಗಿ ನೋಡಿದೆವು. ನಲ್ಲಿ ಪಕ್ಕ ರುಬ್ಬುವ ಕಲ್ಲುಗಳ ಸಾಲು. ಒಂದರಲ್ಲಿ ಕೋಳಿ ನೀರು ಕುಡಿಯುತ್ತಿತ್ತು, ಒಂದರ ಮೇಲೆ ಬಟ್ಟೆ ಸೋಪು, ಇನ್ನೊಂದರಲ್ಲಿ ದಾಸವಾಳ ಬೆಳೆದಿತ್ತು.

"ಬರೋ ರೈಟ್ರೆಲ್ಲ ಹೊತ್ತು ತರ್ತಾರೆ" ಅಂದ ಮೇಸ್ತ್ರಿ. "ಹೋಗುವಾಗ ಬುದ್ಧಿ ಬಂದಿರ್ತದೆ."

ಹಾಲು ಉಕ್ಕಿದ್ದು

ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಿಸಬೇಕು. ಕಳಸದ ಆ ಮನೆಯಲ್ಲೂ ಒಲೆಗೆ ಕುಂಕುಮ ಇಟ್ಟು, ಹಾಲಿಟ್ಟು, ಎಲ್ಲರೂ ಕೈಮುಗಿದು ಸುತ್ತ ನಿಂತೆವು. ಗ್ಯಾಸು ಮುಗಿಯುವ ಹಂತದಲ್ಲಿತ್ತೋ ಏನೋ, ಉರಿ ಸಣ್ಣಗೆ ನೀಲಿಯಾಗಿ ನಡುಗುತ್ತಿತ್ತು. ನಿಂತು ನಿಂತು ಕಾಲು ಸೋತಿತು. ಹಾಲಿಗೆ ಕೆನೆ ಕಟ್ಟಿತೇ ಹೊರತು ಉಕ್ಕಲಿಲ್ಲ.

ಅಷ್ಟರಲ್ಲಿ ಹೊರಗೆ ಡ್ರೈವರ್ "ಬೀರು ಜಾರ್ತಿದೆ, ಬನ್ನಿ ಬನ್ನಿ!" ಅಂತ ಕೂಗಿದ. ಎಲ್ಲರೂ ಓಡಿದೆವು. ಬೀರುವಿಗೆ ಕೈ ಕೊಟ್ಟು ಒಳಗೆ ಬರುವಾಗ ಹಾಲು ಒಲೆಯಿಂದ ನೆಲಕ್ಕೆ, ನೆಲದಿಂದ ಬಚ್ಚಲಿಗೆ ಹೊರಟಿತ್ತು. ಯಾರೂ ನೋಡದೆ ಉಕ್ಕಿದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಅತ್ತೆಗೂ ಇವರಿಗೂ ಚರ್ಚೆ ಶುರುವಾಯಿತು. ಪಾತ್ರೆಯಲ್ಲಿ ಹಾಲು ಉಳಿದಿರಲಿಲ್ಲ, ಮತ್ತೊಮ್ಮೆ ಇಡುವಂತಿರಲಿಲ್ಲ.

"ಮನೆ ತುಂಬಾ ಉಕ್ಕಿದೆ, ಶುಭವೇ" ಅಂತ ಕೊನೆಗೆ ಅತ್ತೆ ತೀರ್ಪು ಕೊಟ್ಟರು. ಶುಭವನ್ನು ಒರೆಸಿದವಳು ನಾನು.

ಮಡಿಲಲ್ಲಿ ಭರಣಿ

ಕಳಸದಿಂದ ಮೂಡಿಗೆರೆ ಕಡೆಗೆ ಹೊರಟಾಗಿನ ಮಾತು. ಅತ್ತೆಗೆ ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಸಾಮಾನಿನ ಜೊತೆ ಬಿಡಲು ಧೈರ್ಯವಿಲ್ಲ. ಹೊಸ ಬಿಳಿ ಬಟ್ಟೆಯಿಂದ ಭರಣಿಯ ಬಾಯಿ ಮುಚ್ಚಿ, ದಾರ ಬಿಗಿದು, ಜೀಪಿನ ಮುಂದಿನ ಸೀಟಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಕೂತರು. ನಾನೂ ಇವರೂ ಹಿಂದೆ, ಪಾತ್ರೆಗಳ ನಡುವೆ. ಇವರು ಹಿಂದಿನ ವಾರವಷ್ಟೇ ಹರಕೆ ತೀರಿಸಿ ಮುಡಿ ಕೊಟ್ಟು ಬಂದಿದ್ದರು. ತಲೆ ನುಣ್ಣಗಿತ್ತು. ತಿರುವುಗಳಲ್ಲಿ ಅತ್ತೆಗೆ ಹೊಟ್ಟೆ ತೊಳಸಿ ಕಣ್ಣು ಕೆಂಪಾಗಿತ್ತು.

ದಾರಿಯಲ್ಲಿ ಫಾರೆಸ್ಟ್ ಗೇಟು. ಗಾರ್ಡ್ ಬಂದು ಬಗ್ಗಿ ನೋಡಿದ. ಬಿಳಿ ಬಟ್ಟೆ ಕಟ್ಟಿದ ಭರಣಿ, ಕೆಂಪು ಕಣ್ಣಿನ ಮುದುಕಿ, ಹಿಂದೆ ತಲೆ ಬೋಳಿಸಿದ ಮಗ. ಸಟ್ಟನೆ ಟೋಪಿ ತೆಗೆದ. ಅವನು ಅದನ್ನು ಅಸ್ಥಿ ಅಂದುಕೊಂಡಿದ್ದಾನೆ ಅಂತ ನನಗೆ ಆಗ ಹೊಳೆಯಿತು. ಅತ್ತೆಗೆ ಹೊಳೆಯಲಿಲ್ಲ.

"ಯಾರದ್ದಮ್ಮಾ?" ಅಂತ ಮೆಲ್ಲಗೆ ಕೇಳಿದ.

"ನಮ್ಮ ಮನೇದೇ ಕಣಪ್ಪಾ."

"ಯಾವಾಗ ಆಗಿದ್ದು?"

"ಹೋದ ವರ್ಷ ಬೇಸಗೇಲಿ."

ಗಾರ್ಡ್ ಗಾಬರಿಯಾದ. "ಅಲ್ಲಿಂದ ಇಲ್ಲಿವರೆಗೂ ಮನೇಲೇ ಇಟ್ಕೊಂಡಿದ್ರಾ? ಕಳಸದಲ್ಲಿ ಭದ್ರೆ ಇತ್ತಲ್ಲಮ್ಮಾ, ನೀರಿಗೆ ಬಿಡಬಾರದಿತ್ತಾ?"

"ನೀರಿಗಾ!" ಅತ್ತೆಗೆ ಹೊಟ್ಟೆ ತೊಳಸುವುದೇ ಮರೆತುಹೋಯಿತು. "ಏನು ಮಾತು ಅಂತ ಆಡ್ತೀಯ ಮಾರಾಯ! ಒಂದು ಹನಿ ನೀರು ತಾಗಿದ್ರೆ ಎಲ್ಲ ಬೂಷ್ಟು ಹಿಡೀತದೆ."

ಹಿಂದೆ ಕೂತಿದ್ದ ಇವರಿಗೆ ವಿಷಯ ಅರ್ಥವಾಯಿತು, ನಗು ತಡೆಯಲಾರದೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಹೆಗಲು ಕುಣಿಯುತ್ತಿತ್ತು. ಗಾರ್ಡ್ ಕಿಟಕಿಯೊಳಗೆ ಕೈ ಹಾಕಿ ಇವರ ಬೆನ್ನು ಸವರಿದ. "ಸಮಾಧಾನ ಮಾಡ್ಕೊಳ್ಳಿ ಸಾರ್. ಹೋದವರು ಬರ್ತಾರಾ?" ಆಮೇಲೆ ಅತ್ತೆಯ ಕಡೆ ತಿರುಗಿ, "ನೀರಿಗೆ ಬಿಡಲ್ಲ ಅಂದ್ರೆ ಏನು ಮಾಡ್ತೀರಮ್ಮಾ ಇದನ್ನ?" ಅಂದ.

"ಮಾಡೋದೇನು? ಮನೆಯವರೇ ದಿನಾ ಊಟಕ್ಕೆ ಸ್ವಲ್ಪ ಸ್ವಲ್ಪ ಹಾಕ್ಕೊಂಡು ತಿಂತಿದ್ದೇವೆ" ಅನ್ನುತ್ತಾ ಅತ್ತೆ ದಾರ ಸಡಿಲಿಸಿದರು. "ಪಾಪ, ಕಾಡಲ್ಲಿ ಒಬ್ಬನೇ ಇದ್ದೀಯ. ಕೈ ಒಡ್ಡು, ನಿಂಗೂ ಒಂಚೂರು ಕೊಡ್ತೇನೆ."

ಗೇಟು ಎತ್ತಿದ್ದು ಕಂಡಿತು. ಎತ್ತಿದವನು ಯಾವ ಕಡೆ ಓಡಿದ ಅನ್ನುವುದು ಕಾಣಲಿಲ್ಲ.