ಬೀರುವಿನೊಳಗಿನ ಸ್ವತಂತ್ರ ಗಾಯಕ

ಇವತ್ತು ಭಾನುವಾರ. ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ, ಹಾಲು ಕಾಯಿಸಿದೆ, ಅತ್ತೆಗೆ ಶುಗರ್ ಮಾತ್ರೆ ಕೊಟ್ಟೆ, ನಮ್ಮ ಮನೆಯವರ ಬಿಳಿ ಷರಟಿಗೆ ಗುಂಡಿ ಹೊಲಿದೆ, ಮಾವಿನಕಾಯಿ ತುರಿದು ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದೆ, ವಾರದಿಂದ ನಿಂತಿದ್ದ ಗೋಡೆ ಗಡಿಯಾರಕ್ಕೆ ಸೆಲ್ ವಾಪಸ್ ಹಾಕಿದೆ, ಮೈದುನನನ್ನು ಬೀರುವಿನಿಂದ ಹೊರಗೆ ಕರೆದೆ.

ನಮ್ಮ ಮೈದುನ ಸ್ವತಂತ್ರ ಗಾಯಕ. ಹಾಗಂತ ಅವನೇ ಹೇಳಿಕೊಳ್ಳುತ್ತಾನೆ. ಅಂದರೆ ಸಿನಿಮಾ ಹಾಡು ಹಾಡುವುದಿಲ್ಲ, ಆರ್ಕೆಸ್ಟ್ರಾಗೆ ಹೋಗುವುದಿಲ್ಲ, ಇನ್ನೊಬ್ಬರು ಬರೆದದ್ದನ್ನು ಮುಟ್ಟುವುದಿಲ್ಲ. ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಗಿಟಾರು ನುಡಿಸಿ, ತಾನೇ ರೆಕಾರ್ಡ್ ಮಾಡಿ, ಬಹುಮಟ್ಟಿಗೆ ತಾನೇ ಕೇಳುತ್ತಾನೆ. ಯಾರನ್ನೂ ನೆಚ್ಚಿಕೊಂಡವನಲ್ಲ. ನನ್ನ ಬೀರು, ಅದರೊಳಗಿನ ನನ್ನ ಸೀರೆಗಳು, ಅತ್ತೆಯ ಎರಡು ರಜಾಯಿ, ಅಣ್ಣನ ಲ್ಯಾಪ್‌ಟಾಪು, ಇಷ್ಟು ಬಿಟ್ಟರೆ ಅವನಿಗೆ ಯಾರ ಹಂಗೂ ಇಲ್ಲ. ಒಂದು ಮನೆಯಲ್ಲಿ ಒಬ್ಬ ಸ್ವತಂತ್ರನಾಗಬೇಕಾದರೆ ಉಳಿದ ಮೂವರು ಏನೇನು ಕಳೆದುಕೊಳ್ಳಬೇಕು ಎನ್ನುವುದನ್ನು ನಮ್ಮನ್ನು ಕೇಳಿ.

ಹೊಟ್ಟೆಪಾಡಿಗೆ ಕೋಲಾರದ ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಹನ್ನೊಂದೂಕಾಲಕ್ಕೆ ಪಕ್ಕದ ಟೀ ಅಂಗಡಿಯವನಿಗೆ ಕೀ ಕೊಟ್ಟು ಮನೆಗೆ ಓಡಿ ಬರುತ್ತಾನೆ. ಟೊಮೇಟೊ ಮಂಡಿಯ ಲಾರಿಗಳು ಹೋಗಿ, ಶಾಲೆಯ ವ್ಯಾನುಗಳು ಹೋಗಿ, ಸೊಪ್ಪಿನವಳೂ ಹೋಗಿ, ನಮ್ಮ ಬೀದಿ ಉಸಿರು ಬಿಡುವುದು ಆ ಒಂದು ಗಂಟೆ ಮಾತ್ರ. ಬಂದವನೇ ಗೋಡೆ ಬೀರುವಿನ ಕೆಳಗಿನ ಹಲಗೆ ತೆಗೆದು ಒಳಗೆ ಕೂರುತ್ತಾನೆ, ಮೇಲಿಂದ ರಜಾಯಿ ಇಳಿಬಿಟ್ಟುಕೊಳ್ಳುತ್ತಾನೆ. ಗಿಟಾರಿನ ಕುತ್ತಿಗೆ ಮಾತ್ರ ಹೊರಗೆ, ಆಮೆ ಕತ್ತು ಚಾಚಿದ ಹಾಗೆ. ಸೀರೆಗಳು ಸುತ್ತ ಇದ್ದರೆ ಧ್ವನಿ ಗೋಡೆಗೆ ಹೊಡೆದು ವಾಪಸ್ ಬರುವುದಿಲ್ಲವಂತೆ.

"ಅತ್ತಿಗೆ, ರೇಷ್ಮೆಗಿಂತ ಕಾಟನ್ ಸೀರೆ ಚೆನ್ನಾಗಿ ಸೌಂಡ್ ಹೀರ್ಕೊಳ್ಳುತ್ತೆ" ಎಂದ ಒಂದು ದಿನ.

ಪೇಪರ್ ಓದುತ್ತಿದ್ದ ನಮ್ಮ ಮನೆಯವರು ತಲೆ ಎತ್ತಿದರು. "ಹೌದೇನ್ಲಾ? ಇದನ್ನ ಮದುವೆಗೆ ಮುಂಚೆನೇ ಯಾರಾದ್ರೂ ಹೇಳಬಾರದಿತ್ತಾ."

ಅವನು ಒಳಗೆ ಹೋದ ಮೇಲೆ ಮನೆಗೆ ನಿಷೇಧಾಜ್ಞೆ. ಫ್ಯಾನು ಇಲ್ಲ. ಮಿಕ್ಸಿ ಇಲ್ಲ, ಚಟ್ನಿ ಬೇಕಾದರೆ ಪಕ್ಕದ ಮನೆಗೆ ಹೊತ್ತುಕೊಂಡು ಹೋಗಿ ರುಬ್ಬಬೇಕು. ಗಡಿಯಾರ ಟಿಕ್ ಟಿಕ್ ಅನ್ನುತ್ತದೆಂದು ಅದರ ಸೆಲ್ ತೆಗೆಯಬೇಕು. ಹಲ್ಲಿ ಲೊಚಗುಟ್ಟಿದರೆ ನನ್ನ ಕಡೆ ನೋಡುತ್ತಾನೆ, ತವರಿಂದ ನಾನೇ ತಂದೆನೇನೋ ಅನ್ನುವ ಹಾಗೆ.

ಮುಳಬಾಗಿಲಿನಿಂದ ಅವನನ್ನು ನೋಡಲು ಹುಡುಗಿಯ ಕಡೆಯವರು ಬಂದದ್ದೂ ಇದೇ ಹೊತ್ತಿಗೆ. ಹೇಳಿದ ಸಮಯಕ್ಕಿಂತ ಮುಂಚೆ ಬಂದುಬಿಟ್ಟಿದ್ದರು. ಎಲ್ಲರೂ ಕೂತು, ನೀರು ಕುಡಿದು, ಹುಡುಗಿಯ ದೊಡ್ಡಪ್ಪ ಕೇಳಿದರು, "ಹುಡುಗ ಎಲ್ಲಿ, ಕಾಣಿಸ್ತಿಲ್ಲ?"

"ಬೀರುನಲ್ಲಿದ್ದಾನೆ, ಈಗ ತೆಗೀತೀನಿ" ಎಂದರು ನಮ್ಮ ಅತ್ತೆ. ಒಡವೆ ತೆಗೆಯುವವರ ಗತ್ತಿನಲ್ಲಿ ಎದ್ದು ಹೋಗಿ ರಜಾಯಿ ಸರಿಸಿದರು. ಬೆವರಲ್ಲಿ ತೊಯ್ದು, ತಲೆಯ ಮೇಲೆ ನನ್ನ ಹಳದಿ ಸೀರೆಯ ಸೆರಗು ಬಿದ್ದಿದ್ದ ವರ ಮಹಾಶಯ "ಛೆ, ಟೇಕ್ ಹಾಳಾಯ್ತು" ಎನ್ನುತ್ತ ಹೊರಗೆ ಬಂದ. ದೊಡ್ಡಪ್ಪ ಕಾಫಿಗೂ ಕಾಯಲಿಲ್ಲ.

ಇಷ್ಟೆಲ್ಲ ಬಂದೋಬಸ್ತಿನ ನಡುವೆ ಅವನಿಗಿದ್ದ ಒಬ್ಬಳೇ ಶತ್ರು ನನ್ನ ಕುಕ್ಕರು. ಅತ್ತೆಗೆ ಹನ್ನೆರಡೂವರೆಗೆ ಊಟ ಬೀಳಲೇಬೇಕು, ಇಲ್ಲದಿದ್ದರೆ ತಲೆ ಸುತ್ತುತ್ತದೆ. ಹಾಗಾಗಿ ಹನ್ನೊಂದೂವರೆಗೆ ಒಲೆಯ ಮೇಲೆ ಕುಕ್ಕರ್ ಏರಲೇಬೇಕು.

"ಅತ್ತಿಗೆ, ಪಾತ್ರೇಲಿ ಅನ್ನ ಮಾಡಕ್ಕಾಗಲ್ವಾ? ಹಿಂದೆಲ್ಲ ಬಸೀತಿರಲಿಲ್ವಾ?"

"ಹಿಂದೆಲ್ಲ ಹಾಡೋರು ಜನರ ಮುಂದೆ ಕೂತು ಹಾಡ್ತಿದ್ರು ಕಣೋ, ಬೀರು ಒಳಗಲ್ಲ. ಗಂಜಿ ಬಸಿದು ಕೈ ಸುಟ್ಕೊಳ್ಳೋ ಕಾಲ ಮುಗೀತು. ನನ್ನ ಕೈಲಿ ಆಗಲ್ಲ."

ಅವನೂ ಬಿಡಲಿಲ್ಲ. ನನ್ನ ಹುಟ್ಟಿದ ಹಬ್ಬಕ್ಕೆ ಕೂಗದ ಕರೆಂಟು ಕುಕ್ಕರ್ ತಂದುಕೊಟ್ಟ. ನನ್ನ ಹುಟ್ಟಿದ ಹಬ್ಬ ಅಂತ ಒಂದಿದೆ ಎಂದು ಮನೆಯಲ್ಲಿ ಯಾರಿಗಾದರೂ ನೆನಪಾದದ್ದು ಅದೇ ಮೊದಲು. ಅನ್ನವೇನೋ ಆಯಿತು. ಅತ್ತೆ ಒಂದು ತುತ್ತು ಬಾಯಿಗಿಟ್ಟು, "ಇದು ಯಾರ ಮನೆ ಅನ್ನ?" ಎಂದರು. ಮಾರನೆಯ ದಿನವೇ ಅದು ಅಟ್ಟ ಸೇರಿತು.

ಕೊನೆಗೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ದಿನವೂ ಅದೇ ಅಕ್ಕಿ, ಅದೇ ಪಾವು, ಅಷ್ಟೇ ನೀರು, ಅಷ್ಟೇ ಉರಿ. ಮೊದಲ ವಿಷಲ್ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬರುತ್ತದೆ. ನಾನು ಮುಚ್ಚಳ ಬಿಗಿದು, "ಇಟ್ಟೆ ಕಣೋ" ಎಂದು ಕೂಗಬೇಕು. ಆಗ ಅವನು ಶುರು ಮಾಡಬೇಕು. ತಂತಿ ಮೀಟಿ, ಪಲ್ಲವಿ ಎರಡು ಸಲ ಹೇಳಿ, ಎರಡು ಚರಣ ಮುಗಿಸುವ ಹೊತ್ತಿಗೆ ಕುಕ್ಕರ್ ಕೂಗುತ್ತದೆ. ಅವನು ತಂತಿಯ ಮೇಲೆ ಕೈಯಿಟ್ಟು ನಿಲ್ಲುತ್ತಾನೆ. ಜಗುಲಿಯಲ್ಲಿ ಕಣ್ಣು ಮುಚ್ಚಿ ಕೂತ ಅತ್ತೆ, ಅವರ ವಾಡಿಕೆಯಂತೆ, "ಒಂದಾಯ್ತು, ಸಣ್ಣ ಮಾಡೇ" ಎನ್ನುತ್ತಾರೆ. ನಾನು ಉರಿ ಸಣ್ಣ ಮಾಡುತ್ತೇನೆ. ಆಮೇಲೆ ಅವನು ಮೂರನೇ ಚರಣ ಹಾಡುತ್ತಾನೆ. ಕುಕ್ಕರನ್ನೂ ಅತ್ತೆಯನ್ನೂ ಲ್ಯಾಪ್‌ಟಾಪಿನಲ್ಲಿ ಕತ್ತರಿಸಿ ಎಸೆಯುತ್ತಾನೆ, ಆ ಜಾಗ ಮಾತ್ರ ಖಾಲಿ ಬಿಡುತ್ತಾನೆ.

ಹಾಗೆ ತಯಾರಾದ ಹಾಡಿನ ಹೆಸರು 'ಕಿಟಕಿ ಪಕ್ಕದ ಸೀಟು'. ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ಬಸ್ಸಿನಲ್ಲಿ ಹುಟ್ಟಿದ್ದಂತೆ.

ಕಿಟಕಿ ಪಕ್ಕದ ಸೀಟು ನಿನಗೇ ಬಿಟ್ಟೆ,
ಗಾಳಿ ಬಂದರೆ ಸ್ವಲ್ಪ ಈ ಕಡೆಗೂ ಕಳಿಸು.

ಇಂಟರ್‌ನೆಟ್ಟಿಗೆ ಹಾಕಿದ. ಅಲ್ಲೊಬ್ಬರು, "ಮಧ್ಯೆ ಬರುವ ಆ ಮೌನ ನನ್ನನ್ನು ಬಹಳ ಕಾಡಿತು" ಎಂದು ಬರೆದಿದ್ದರು. ಅವನು ಅದನ್ನು ನನಗೆ ಮೂರು ಸಲ ಓದಿ ಹೇಳಿದ. ಆ ಮೌನದಲ್ಲಿ ನಮ್ಮ ಮನೆಯ ಒಂದು ಪಾವು ಅಕ್ಕಿ ಬೆಂದಿದೆ ಎಂದು ಅವರಿಗೆ ತಿಳಿಸುವವರು ಯಾರು?

ಆದರೆ ರೆಕಾರ್ಡಿನಲ್ಲಿ ಮುಗಿದ ಹಾಡು ಜನರೆದುರು ಒಂದು ಸಲವೂ ಮುಗಿದಿರಲಿಲ್ಲ. ಅದೊಂದು ಶಾಪ. ಮಾಲೂರಿನಲ್ಲಿ ಪರಿಚಯದವರೊಬ್ಬರು ಟೈರ್ ಅಂಗಡಿಯ ಪೂಜೆಗೆ ಹಾಡಲು ಕರೆದಿದ್ದರು. ಮೊದಲ ಚರಣಕ್ಕೆ ಒಂದು ಆಟೋ ಪಂಚರ್ ಆಗಿ ಬಂತು. ಓನರ್ ಕೈ ಮುಗಿದು, "ಬೋಣಿ ಸಾರ್, ಬೇಜಾರ್ ಮಾಡ್ಕೋಬೇಡಿ" ಎಂದು ಕಂಪ್ರೆಸರ್ ಆನ್ ಮಾಡಿದ. ಗಾಳಿ ತುಂಬಿಸಿಕೊಂಡ ಆಟೋದವನೊಬ್ಬನೇ ಸಂತೋಷವಾಗಿ ಹೋದದ್ದು.

ಮುಳಬಾಗಿಲಿನಲ್ಲಿ ನಮ್ಮ ಅತ್ತೆಯ ತಂಗಿಯ ಮೊಮ್ಮಗುವಿನ ನಾಮಕರಣ. ಇವನು ಎರಡನೇ ಸಾಲು ಎತ್ತಿದ, ಮಗು ಮೂರನೆಯದನ್ನು ಎತ್ತಿಕೊಂಡಿತು. ಇಬ್ಬರೂ ಸ್ವಲ್ಪ ಹೊತ್ತು ಜೊತೆಯಲ್ಲೇ ನಡೆಸಿದರು. ಆಮೇಲೆ ಮಗುವಿನ ಅಜ್ಜಿ, "ನಾಯ್ನಾ, ನೀನು ನಿಲ್ಸಪ್ಪ, ಅದೂ ನಿಲ್ಸುತ್ತೆ" ಎಂದರು. ಇವನು ನಿಲ್ಲಿಸಿದ. ಮಗುವೂ ನಿಲ್ಲಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಮಗುವಿಗೆ.

ಕೋಲಾರದಲ್ಲೇ ಹೊಸದಾಗಿ ತೆರೆದ ಕಾಫಿ ಅಂಗಡಿಯೊಂದು ಶನಿವಾರ ಸಂಜೆ ಅವಕಾಶ ಕೊಟ್ಟಿತು. ಕೇಳುಗರು ನಾವು ಮೂವರು, ಮತ್ತು ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕೂರಲು ಬಂದಿದ್ದ ಒಂದು ಜೋಡಿ. "ಗಾಳಿ ಬಂದರೆ ಸ್ವಲ್ಪ" ಎಂದು ಇವನು ಎಳೆದಾಗ ಕೌಂಟರಿನವನು "ಎರಡು ಗೋಬಿ, ಸಾಸ್ ಜಾಸ್ತಿ" ಎಂದು ಪೂರ್ತಿ ಮಾಡಿದ. ಅಷ್ಟರಲ್ಲಿ ಬರ್ತ್‌ಡೇ ಗುಂಪೊಂದು ಬಂದು ಸಿನಿಮಾ ಹಾಡು ಕೇಳಿತು. ನಮ್ಮ ಸ್ವತಂತ್ರ ಗಾಯಕ ಗಿಟಾರು ಚೀಲಕ್ಕೆ ಹಾಕಿ ಜಿಪ್ ಎಳೆದ. ಆ ಜಿಪ್ಪಿನ ಸದ್ದು ಮಾತ್ರ ಅಂಗಡಿಗೆಲ್ಲ ಸ್ಪಷ್ಟವಾಗಿ ಕೇಳಿಸಿತು.

ಇವತ್ತಿನ ಕರೆ ಯಲ್ದೂರಿನ ಹತ್ತಿರದ ಮಾವಿನ ತೋಟದ್ದು. ಬೆಂಗಳೂರಿನವರು ಭಾನುವಾರ ಕಾರಿನಲ್ಲಿ ಬಂದು, ದುಡ್ಡು ಕೊಟ್ಟು, ತಾವೇ ಬಿಸಿಲಲ್ಲಿ ಹಣ್ಣು ಕಿತ್ತುಕೊಂಡು ಹೋಗುತ್ತಾರೆ. ನಮ್ಮ ಕಡೆ ಇದಕ್ಕೆ ಕೂಲಿ ಎನ್ನುತ್ತಿದ್ದರು, ಈಗ ಅನುಭವ ಎನ್ನುತ್ತಾರೆ. ಅವರು ಕೀಳಲು ಶುರು ಮಾಡುವ ಮೊದಲು ಮರದ ಕೆಳಗೆ ಒಂದಿಷ್ಟು ಹಾಡು.

ನಿನ್ನೆ ಸಂಜೆ ನಾನು ದಂಟಿನ ಸೊಪ್ಪು ಬಿಡಿಸುತ್ತಿದ್ದಾಗ ಅವನೂ ಬಂದು ಎದುರಿಗೆ ಕೂತು ಸೊಪ್ಪಿಗೆ ಕೈಹಾಕಿದ. ಎಲೆ ಬಿಸಾಕಿ ದಂಟು ಇಟ್ಟುಕೊಳ್ಳುತ್ತಿದ್ದ. ಏನೋ ಇದೆ ಅಂದುಕೊಂಡೆ.

"ಅತ್ತಿಗೆ, ನಾಳೆನೂ ಹಾಡು ಮುಗೀಲಿಲ್ಲ ಅಂದ್ರೆ ಗಿಟಾರು ಅಟ್ಟಕ್ಕೆ ಹಾಕ್ಬಿಡ್ತೀನಿ. ಸಾಕು. ಜೆರಾಕ್ಸ್ ಮಾಡ್ಕೊಂಡು ಇದ್ಬಿಡ್ತೀನಿ."

"ಅಟ್ಟದಲ್ಲಿ ಜಾಗ ಎಲ್ಲಿದೆಯೋ? ನೀನು ತಂದ ಕರೆಂಟು ಕುಕ್ಕರೇ ಕೂತಿದೆ."

ಅವನು ನಗಲಿಲ್ಲ. ನಾನು ಇನ್ನೊಂದು ಕಂತೆ ಸೊಪ್ಪು ಬಿಡಿಸಿದೆ.

ನಾಲ್ಕೂ ಜನ ಬಾಡಿಗೆ ವ್ಯಾನಿನಲ್ಲಿ ಹೋದೆವು. ತೋಟದಲ್ಲಿ ಮರದ ಕೆಳಗೆ ಜಮಖಾನ ಹಾಸಿ ಸುಮಾರು ಜನ ಕೂತಿದ್ದರು. ಅತ್ತೆಗೆ ಮಾತ್ರ ಪ್ಲಾಸ್ಟಿಕ್ ಕುರ್ಚಿ. ಅವರು ಕೂತ ಕೂಡಲೇ ಕಣ್ಣು ಮುಚ್ಚಿದರು. ಇಲ್ಲಿ ಕಂಪ್ರೆಸರ್ ಇರಲಿಲ್ಲ, ಗೋಬಿ ಇರಲಿಲ್ಲ. ಇದ್ದ ಮಕ್ಕಳೆಲ್ಲ ದೂರದ ಮರ ಹತ್ತಿದ್ದರು. ಇವನು ಗಿಟಾರು ಹಿಡಿದು ಕೂತ. ಶುರು ಮಾಡಲಿಲ್ಲ. ನನ್ನ ಕಡೆಯೇ ನೋಡುತ್ತಿದ್ದ. ಬಾಯಾರಿಕೆಯೇನೋ ಎಂದು ನೀರಿನ ಬಾಟಲಿ ಕಳಿಸಿದೆ. ಕುಡಿಯಲಿಲ್ಲ, ಮತ್ತೆ ನೋಡಿದ. "ಶುರು ಮಾಡೋ" ಎಂದೆ. ಆಗ ತಂತಿ ಮೀಟಿದ.

ಪಲ್ಲವಿ ಎರಡು ಸಲ ಆಯಿತು. ಮೊದಲ ಚರಣ ಆಯಿತು. ಜನ ನಿಜವಾಗಿಯೂ ಕೇಳುತ್ತಿದ್ದರು, ನನಗೇ ಆಶ್ಚರ್ಯ. ಒಬ್ಬ ಹೆಂಗಸು ಫೋನು ಕೆಳಗಿಟ್ಟಳು. ಎರಡನೇ ಚರಣವೂ ಆಯಿತು. ಅಲ್ಲಿ ಅವನು ತಂತಿಯ ಮೇಲೆ ಕೈಯಿಟ್ಟು ನಿಂತುಬಿಟ್ಟ.

ಮರೆತನೇ? ಮುಖ ನೋಡಿದೆ. ಮರೆತವನ ಮುಖವಲ್ಲ ಅದು, ಕಾಯುತ್ತಿರುವವನ ಮುಖ. ದಿನವೂ ಅದೇ ಜಾಗದಲ್ಲಿ ನಿಂತು ನಿಂತು ರೂಢಿಯಾದ ಗಂಟಲು. ಆಚೆಗೆ ದಾಟುವುದು ಹೇಗೆಂದು ಅದಕ್ಕೇ ಗೊತ್ತಿರಲಿಲ್ಲ. ಹಿಂದೆ ಕೂತವರು ಹಾಡು ಮುಗಿಯಿತೆಂದು ಅನುಮಾನದಲ್ಲೇ ಒಂದೆರಡು ಚಪ್ಪಾಳೆ ತಟ್ಟಿದರು.

ತೋಟದ ಯಜಮಾನರು ಟವೆಲ್ ಕೊಡವಿ ಎದ್ದರು. "ಅಯಿಪೋಯಿಂದಾ? ಮುಗೀತಾ? ಸರಿ, ಎಲ್ಲಾ ಏಳಿ, ಬಿಸಿಲು ಏರೋ ಮುಂಚೆ ಹಣ್ಣು ಕಿತ್ಕೊಳ್ಳಿ."

ಜನ ಚಪ್ಪಲಿ ಹುಡುಕಲು ಶುರು ಮಾಡಿದರು. ಅವನು ಇನ್ನೂ ಕೈ ಹಾಗೇ ಇಟ್ಟುಕೊಂಡು ನನ್ನ ಕಡೆ ನೋಡುತ್ತಿದ್ದ. ನಮ್ಮ ಮನೆಯವರು, "ಏನೇ ಆಯ್ತು ಇವನಿಗೆ?" ಎಂದರು. ಏನಾಗಿದೆ ಎಂದು ಇಡೀ ಲೋಕದಲ್ಲಿ ತಿಳಿದಿದ್ದವಳು ನಾನೊಬ್ಬಳೇ.

ಐವತ್ತು ದಾಟಿದ ಹೆಂಗಸು ನಾನು. ಮದುವೆ ಮನೆಗಳಲ್ಲಿ ಸೋಬಾನೆಗೆ ಕರೆದರೂ ಬಾಯಿ ಬಿಟ್ಟವಳಲ್ಲ. ಸೆರಗು ಸರಿಮಾಡಿಕೊಂಡು, ಹಲ್ಲು ಕಚ್ಚಿ, ಅಷ್ಟು ಜನರೆದುರು ನನ್ನ ಕುಕ್ಕರ್ ಕೂಗುವ ಹಾಗೇ ಕೂಗಿದೆ.

"ಉಸ್ಸ್ಸ್ಸ್ಸ್ಸ್."

ಚಪ್ಪಲಿ ಹುಡುಕುತ್ತಿದ್ದವರು ಬಗ್ಗಿದಲ್ಲೇ ನಿಂತರು. ಬುಡದಲ್ಲಿ ಹಾವಿದೆಯೇನೋ ಎಂದು ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದರು. ಇವನು ಮಾತ್ರ ಇನ್ನೂ ಕಾಯುತ್ತಿದ್ದ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ ನಮ್ಮ ಅತ್ತೆ, ಕಣ್ಣು ಬಿಡದೆಯೇ, ಗಟ್ಟಿಯಾಗಿ ಹೇಳಿದರು:

"ಒಂದಾಯ್ತು, ಸಣ್ಣ ಮಾಡೇ."

ಮೈದುನನ ಮುಖದಲ್ಲಿ ನಗು ಬಂತು. ಕೈ ತಾನಾಗಿ ತಂತಿಯ ಮೇಲೆ ಹರಿಯಿತು. ನಿಂತವರು ನಿಂತಲ್ಲೇ ಕೂತರು.

ನಿದ್ದೆ ಬಂದರೆ ಮಲಗು, ಊರು ಇನ್ನೂ ದೂರ,
ನೀನು ಏಳೋವರೆಗೂ ಸದ್ದು ಮಾಡದೆ ಕೂತಿರ್ತೀನಿ.

ಮನೆಯಲ್ಲಿ ಈ ಚರಣದ ಹೊತ್ತಿಗೆ ನಾನು ಉರಿ ಸಣ್ಣ ಮಾಡಿ ಬೇಳೆ ನೋಡುತ್ತಿರುತ್ತೇನೆ. ಪದಗಳು ಎಷ್ಟೋ ಸಲ ಕಿವಿಗೆ ಬಿದ್ದಿದ್ದವು, ಕೇಳಿರಲಿಲ್ಲ. ನಾನು ಈ ಮನೆಗೆ ಬಂದಾಗ ಹೈಸ್ಕೂಲಿನಲ್ಲಿದ್ದ ಹುಡುಗ ಇದನ್ನೆಲ್ಲ ಯಾವಾಗ ಕಲಿತ?

ಹಾಡು ಕೊನೆಯವರೆಗೂ ಹೋಗಿ, ಸರಿಯಾಗಿ, ತನ್ನ ಜಾಗದಲ್ಲಿ ಮುಗಿಯಿತು. ಜನ ಚಪ್ಪಾಳೆ ತಟ್ಟಿದರು. ಅತ್ತೆಗೆ ಎಚ್ಚರವಾಗಿ, "ಅನ್ನ ಆಯ್ತಾ?" ಎಂದು ಕೇಳಿದರು. ಒಬ್ಬ ಹುಡುಗಿ ಬಂದು, ನಡುವೆ ಬರುವ ಆ ವಿಷಲ್ ಮತ್ತು ಅಜ್ಜಿಯ ಮಾತು ನೀವೇ ಯೋಚಿಸಿ ಇಟ್ಟದ್ದಾ ಎಂದು ಅವನನ್ನು ವಿಚಾರಿಸಿದಳು. "ಹೂಂ, ನಮ್ಮ ಟೀಮು" ಎಂದ ಸ್ವತಂತ್ರ ಗಾಯಕ. ನಾನು ಚಿತ್ರಾನ್ನದ ಡಬ್ಬಿ ತೆಗೆದು ಅತ್ತೆಯ ಕೈಗಿಟ್ಟೆ.

ಬರುವಾಗ ವ್ಯಾನಿನಲ್ಲಿ ಕಿಟಕಿ ಪಕ್ಕದ ಸೀಟು ಅವನಿಗೇ ಬಿಟ್ಟೆವು. ಯಲ್ದೂರು ದಾಟುವಷ್ಟರಲ್ಲೇ ತೂಕಡಿಸುತ್ತಿದ್ದ. ಮನೆಗೆ ಬಂದವನು ಗಿಟಾರನ್ನು ಅಟ್ಟಕ್ಕೆ ಹಾಕಲಿಲ್ಲ, ಬೀರುವಿನಲ್ಲಿ ನನ್ನ ಕಾಟನ್ ಸೀರೆಗಳ ಮಧ್ಯೆ ನಿಲ್ಲಿಸಿದ. ಹಜಾರದಲ್ಲಿ ಚಾಪೆಯ ಮೇಲೆ ಐದು ನಿಮಿಷ ಅಂತ ಒರಗಿದ. ಗಡಿಯಾರ ಟಿಕ್ ಟಿಕ್ ಅನ್ನುತ್ತಲೇ ಇತ್ತು, ಅವನಿಗೆ ಕೇಳಿಸಲಿಲ್ಲ.

ರಾತ್ರಿಗೆ ಅನ್ನ, ದಂಟಿನ ಸೊಪ್ಪಿನ ಸಾರು, ತೋಟದವರು ಕೊಟ್ಟ ಹಣ್ಣಿನ ಸೀಕರಣೆ. ಅತ್ತೆ ಅನ್ನ ಕಲಸುತ್ತಾ, "ಏನೇ ಇದು, ಹಗುರವಾಗಿದೆ. ಕುಕ್ಕರ್ ಕೂಗಿದ್ದೂ ಕೇಳಿಸಲಿಲ್ಲ?" ಎಂದರು.

"ವಾಷರ್ ಯಾಕೋ ಸರಿಯಿಲ್ಲ ಅತ್ತೆ, ಪಾತ್ರೇಲಿ ಬಸಿದೆ" ಎಂದೆ.

ನಮ್ಮ ಮನೆಯವರು ಒಲೆಯ ಪಕ್ಕ ಬೋರಲು ಹಾಕಿದ್ದ ಕುಕ್ಕರನ್ನೂ ನನ್ನ ಕೈಯ ಮೇಲಿನ ಕೆಂಪು ಬೊಬ್ಬೆಯನ್ನೂ ನೋಡಿದರು. ಇನ್ನೊಂದಿಷ್ಟು ಸಾರು ಹಾಕಿಕೊಂಡರು. ಮೈದುನನ ತಟ್ಟೆ ಮುಚ್ಚಿಟ್ಟಿದ್ದೇನೆ. ಆಮೇಲೆ ಅತ್ತೆ ಮಲಗಿದರು, ಆಮೇಲೆ ಇವರು. ಎಲ್ಲರಿಗಿಂತ ಮೊದಲು ಮಲಗಿದವನು ಅವನೇ.